ಕಾಫಿ ಕಣ, ಆಟದ ಕಣ

ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳ ಚೀಲ ಎತ್ತಲಾಗದಷ್ಟು ಭಾರವಾಗಿತ್ತು. ಬಿಚ್ಚಿ ನೋಡಿದರೆ ಬಟ್ಟೆಗಳ ನಡುವೆ ಒಂದು ಜೊತೆ ಸ್ಕೇಟಿಂಗ್ ಶೂ, ಹೆಲ್ಮೆಟ್, ಮೊಣಕಾಲಿಗೂ ಮೊಣಕೈಗೂ ಕಟ್ಟುವ ಪಟ್ಟಿಗಳು. ಕಾಫಿ ಕುಡಿಯುವ ಮೊದಲೇ ಅವಳು ಕೇಳಿದಳು: "ಅಜ್ಜಿ, ಇಲ್ಲಿ ರಿಂಕ್ ಎಲ್ಲಿದೆ?" ಮೂವತ್ತು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿಯೇ ಸಂಬಳ ಪಡೆದವಳು ನಾನು, ಆದರೂ ಆ ಹೊತ್ತಿಗೆ "ನೋಡೋಣ" ಎಂದು ಮಾತ್ರ ಹೇಳಿ ಒಳಗೆ ಹೋದೆ. ನಮ್ಮ ಮನೆಯಿಂದ ಹೋಗಿ ಬರಬಹುದಾದ ದೂರದಲ್ಲಿ, ಸ್ಪರ್ಧೆಗೆ ತರಬೇತಿ ಪಡೆಯದ ಒಂದು ಮಗು ಸುಮ್ಮನೆ ಒಂದು ಗಂಟೆ ಗಾಲಿಗಳ ಮೇಲೆ ಸುತ್ತಿ ಬರುವಂಥ ಸಾರ್ವಜನಿಕ ಜಾಗವೊಂದೂ ನನಗೆ ನೆನಪಾಗಲಿಲ್ಲ.

ಕೊಡಗಿನಲ್ಲಿ ಆಟಕ್ಕೆ ಜಾಗವಿಲ್ಲವೆಂದರೆ ಯಾರಾದರೂ ನಕ್ಕಾರು. ಜನರಲ್ ತಿಮ್ಮಯ್ಯನವರ ಹೆಸರಿನ ಕ್ರೀಡಾಂಗಣವಿದೆ, ಪೊನ್ನಂಪೇಟೆಯಲ್ಲೂ ಕೂಡಿಗೆಯ ಕ್ರೀಡಾ ಶಾಲೆಯಲ್ಲೂ ಹಾಕಿಗಾಗಿ ಹಾಸಿದ ಟರ್ಫ್ ಇದೆ. 1973ರ ಹಾಕಿ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರಿಂದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರವರೆಗೆ, ಓಟದ ಅಶ್ವಿನಿ ನಾಚಪ್ಪ, ಟೆನಿಸ್‌ನ ರೋಹನ್ ಬೋಪಣ್ಣ ಅವರವರೆಗೆ ನಮ್ಮ ಹೆಮ್ಮೆಯ ಪಟ್ಟಿ ಉದ್ದವಾಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ಹಾಕಿ ಕೃತಕ ಹಾಸಿನ ಮೇಲೆ ನಡೆಯತೊಡಗಿದ ಮೇಲೆ, ಮಣ್ಣಿನ ಮೈದಾನದಲ್ಲಿ ಮಾತ್ರ ಆಡಿ ಬೆಳೆದ ಮಕ್ಕಳು ಹಿಂದೆ ಬೀಳುತ್ತಾರೆಂಬ ಆತಂಕವೂ ಸರಿಯಾದದ್ದೇ. ಆದ್ದರಿಂದ ಟರ್ಫ್ ಬೇಕು, ಅದಕ್ಕೆ ಬೇಲಿಯೂ ಬೇಕು, ಗೇಟಿಗೆ ಬೀಗವೂ ಬೇಕು. ಆ ಬೀಗದ ಹೊರಗೆ ನಿಂತವರ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ಗೆಲ್ಲಬಲ್ಲ ಮಗುವಿಗೆ ನಾವು ಮೈದಾನವನ್ನೂ ಹಾಸ್ಟೆಲನ್ನೂ ತರಬೇತುದಾರರನ್ನೂ ಕೊಡುತ್ತೇವೆ. ಎಂದೂ ಗೆಲ್ಲದ, ಗೆಲ್ಲಬೇಕೆಂಬ ಆಸೆಯೂ ಇಲ್ಲದ ಮಗುವಿಗೆ, ಮತ್ತು ನನ್ನಂಥ ಮುದುಕಿಗೆ, ಹೋಗಿ ಬರಲು ಎಲ್ಲಿ ಜಾಗವಿದೆ?

ಮೊಮ್ಮಗಳ ಒತ್ತಾಯಕ್ಕೆ ಒಂದು ಶನಿವಾರ ಬೆಳಗಿನ ಬಸ್ಸು ಹತ್ತಿ, ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ಅಲ್ಲಿನ ಒಂದು ಸಣ್ಣ ರಿಂಕಿಗೆ ಅವಳನ್ನು ಕರೆದೊಯ್ದೆ. ನಾನು ಕಲ್ಲುಬೆಂಚಿನ ಮೇಲೆ ಕುಳಿತು ನೋಡಿದೆ. ಹೊಸದಾಗಿ ಬಂದ ಮಕ್ಕಳಿಗೆ ಅಲ್ಲಿ ಮೊದಲು ಕಲಿಸಿದ್ದು ಬೀಳುವುದನ್ನು. ಹಿಂದಕ್ಕೆ ಬೀಳಬಾರದು, ಮೊಣಕಾಲು ಮಡಚಿ ಮುಂದಕ್ಕೆ ಬೀಳಬೇಕು, ಪಟ್ಟಿಗಳು ನೆಲಕ್ಕೆ ತಾಗಬೇಕು, ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿಯಬೇಕು. ಅದಾದ ಮೇಲೆ ಪಾದಗಳನ್ನು ಹೊರಮುಖವಾಗಿ ತಿರುಗಿಸಿ ಬಾತುಕೋಳಿಯಂತೆ ನಡಿಗೆ, ಆಮೇಲೆ ಜಾರುವುದು. ಎರಡೆರಡು ಸಾಲಿನಲ್ಲಿ ನಾಲ್ಕು ಗಾಲಿಯಿರುವ ಕ್ವಾಡ್ ಶೂ ತೊಟ್ಟವರು ಮುಂಗಾಲಿನ ರಬ್ಬರ್ ಗುಬಟನ್ನು ನೆಲಕ್ಕೆ ಒತ್ತಿ ನಿಲ್ಲುತ್ತಿದ್ದರು. ಒಂದೇ ಸಾಲಿನ ಗಾಲಿಗಳ ಇನ್‌ಲೈನ್ ಶೂ ತೊಟ್ಟವರು ವೇಗದಲ್ಲಿ ಅವರನ್ನು ದಾಟಿ ಹೋಗುತ್ತಿದ್ದರು. ನನ್ನ ಕಣ್ಣು ಮಾತ್ರ ವೇಗದವರ ಮೇಲೆ ನಿಲ್ಲಲಿಲ್ಲ. ಸುಮಾರು ಐವತ್ತರ ಒಬ್ಬ ಹೆಂಗಸು ಚೂಡಿದಾರದ ಮೇಲೆಯೇ ಪಟ್ಟಿ ಕಟ್ಟಿಕೊಂಡು, ಕಂಬಿ ಹಿಡಿದು, ಗಂಟೆಯಿಡೀ ನಾಲ್ಕೇ ಸುತ್ತು ಬಂದರು. ಯಾರೂ ಅವರನ್ನು ನೋಡಿ ನಗಲಿಲ್ಲ, ಯಾರೂ ಅವರ ಸಮಯ ಅಳೆಯಲಿಲ್ಲ. ಹೊರಡುವಾಗ ಅವರ ಮುಖದಲ್ಲಿದ್ದ ಬೆವರನ್ನೂ ತೃಪ್ತಿಯನ್ನೂ ಕಂಡು ನನಗೆ ಒಂದು ಬಗೆಯ ಹೊಟ್ಟೆಕಿಚ್ಚೇ ಆಯಿತು ಎನ್ನಬೇಕು.

ಈಗ ನಮ್ಮಲ್ಲಿನ ಒಳ್ಳೆಯದನ್ನು ಹೇಳದಿದ್ದರೆ ಅನ್ಯಾಯವಾದೀತು. ನಾನು ಕೊಡವ ಮನೆತನದವಳಲ್ಲ, ಹಾಕಿಯ ನಿಯಮಗಳೂ ನನಗೆ ಅರ್ಧಂಬರ್ಧ ಗೊತ್ತು. ಆದರೂ ಕೊಡವ ಕುಟುಂಬಗಳ ಹಾಕಿ ಹಬ್ಬ ಹತ್ತಿರದಲ್ಲಿ ನಡೆದಾಗಲೆಲ್ಲ ಒಂದು ದಿನವಾದರೂ ಹೋಗಿ ಕೂರುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದಾಗ ಅಲ್ಲಿಗೆ ಬಂದದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಾಪೋಕ್ಲುವಿನ ಚೆರಿಯಪರಂಬು ಮೈದಾನದಲ್ಲಿ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮುದ್ದಂಡ ಕುಟುಂಬದವರು ಮಡಿಕೇರಿಯಲ್ಲಿ ಹಬ್ಬ ನಡೆಸಿದಾಗ ಆ ಸಂಖ್ಯೆಯೂ ಹಿಂದೆ ಬಿತ್ತು. ನನ್ನನ್ನು ಅಲ್ಲಿಗೆ ಎಳೆಯುವುದು ದಾಖಲೆಯಲ್ಲ. ಒಂದೇ ತಂಡದಲ್ಲಿ ಮುಂದಿನ ಸಾಲಿನಲ್ಲಿ ಹದಿಹರೆಯದ ಹುಡುಗ, ಹಿಂದೆ ಅವನ ಚಿಕ್ಕಮ್ಮ, ಗೋಲಿನ ಬಳಿ ಹೊಟ್ಟೆ ಬಂದ ದೊಡ್ಡಪ್ಪ ನಿಂತಿರುತ್ತಾರೆ. ಚೆಂಡು ದೊಡ್ಡಪ್ಪನ ಕಾಲುಗಳ ನಡುವೆ ಹೋದರೆ ಗ್ಯಾಲರಿಯಲ್ಲಿ ಎದುರಾಳಿ ಕುಟುಂಬದವರಿಗಿಂತ ಸ್ವಂತ ಕುಟುಂಬದವರೇ ಹೆಚ್ಚು ನಗುತ್ತಾರೆ. ಮೊದಲ ಸುತ್ತಿನಲ್ಲೇ ಸೋತು, ಮಧ್ಯಾಹ್ನದ ಊಟ ಮುಗಿಸಿ, ಸಂಜೆಯವರೆಗೆ ಬೇರೆಯವರ ಪಂದ್ಯ ನೋಡಿಕೊಂಡು ಕೂರುವ ತಂಡಗಳೇ ಅಲ್ಲಿ ಬಹುಪಾಲು. ಸೋಲಲೆಂದೇ ಇಷ್ಟು ಜನ ಇಷ್ಟು ಸಂಭ್ರಮದಿಂದ ಹೊರಟು ಬರುವ ಜಾಗ ನನಗೆ ಬೇರೆ ಗೊತ್ತಿಲ್ಲ.

2018ರ ಆಗಸ್ಟಿನಲ್ಲಿ ಬೆಟ್ಟಗಳು ಜರಿದ ಮೇಲೆ ಮರುವರ್ಷ ಆ ಹಬ್ಬ ನಡೆಯಲಿಲ್ಲ. ಅನಂತರ ಕೋವಿಡ್ ಬಂತು. ಮತ್ತೆ ಚೆಂಡು ಉರುಳಿದ್ದು 2023ರಲ್ಲಿ. ನಡುವಿನ ಬೇಸಿಗೆಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡಿದ್ದು ಮದುವೆ ಮತ್ತು ಸಾವಿನ ಮನೆಗಳಲ್ಲಿ ಮಾತ್ರ, ಅದೂ ಎಣಿಸಿ ಬಿಟ್ಟಷ್ಟು ಜನ. ಮೈದಾನಕ್ಕೆ ಹೋಗುವುದೆಂದರೆ ಆಟ ನೋಡುವುದು ಮಾತ್ರವೆಂದು ಅಲ್ಲಿಯವರೆಗೆ ನಾನೂ ತಿಳಿದಿದ್ದೆ.

ಹಳಬರು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಕೊಡಗಿನ ಊರುಗಳ ಮಂದ್ ಎಂಬ ಬಯಲನ್ನೇ ನೋಡಿ. ಹುತ್ತರಿಯ ನಂತರ ಕೋಲಾಟ ನಡೆಯುವುದು ಅಲ್ಲಿ, ವಾಲಗಕ್ಕೆ ಕುಣಿಯುವುದು ಅಲ್ಲಿ, ಊರಿನವರು ಸೇರಿ ಮಾತಾಡುವುದೂ ಅಲ್ಲೇ. ಆಟಕ್ಕೆ ಒಂದು, ಸಂಗೀತಕ್ಕೆ ಒಂದು, ಅಡ್ಡಾಡಲು ಒಂದು ಎಂದು ಜಾಗಗಳನ್ನು ಬೇರ್ಪಡಿಸುವ ಬುದ್ಧಿ ನಮಗೆ ಬಂದದ್ದು ಆಮೇಲೆ. ಬೇರ್ಪಡಿಸಿದ ಮೇಲೆ ಮೊದಲೆರಡನ್ನಾದರೂ ಅಷ್ಟಿಷ್ಟು ಕಟ್ಟಿದೆವು, ಮೂರನೆಯದನ್ನು ಮರೆತೇಬಿಟ್ಟೆವು.

ಸಂಗೀತದ ಮಾತಿಗೆ ಬಂದರೆ, ಮಡಿಕೇರಿ ದಸರಾದ ದಿನಗಳಲ್ಲಿ ಗಾಂಧಿ ಮೈದಾನದ ವೇದಿಕೆಯ ಮುಂದೆ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಮಕ್ಕಳ ದಸರಾ, ಮಹಿಳಾ ದಸರಾಗಳಲ್ಲಿ ನನ್ನ ವಿದ್ಯಾರ್ಥಿನಿಯರು ಕುಣಿದಿದ್ದಾರೆ, ಈಗ ಅವರ ಮಕ್ಕಳು ಕುಣಿಯುತ್ತಾರೆ. ಕುರ್ಚಿ ಸಿಗದೆ ಮೆಟ್ಟಿಲಲ್ಲಿ ಕೂತು, ದೇವರ ಮೂರ್ತಿಗಳನ್ನು ಹೊತ್ತ ಹತ್ತು ಮಂಟಪಗಳು ಮೆರವಣಿಗೆ ಹೊರಡುವ ವಿಜಯದಶಮಿಯ ರಾತ್ರಿಗೆ ಕಾಯುತ್ತಾ, ಚಳಿಗೆ ಶಾಲು ಹೊದ್ದು ಹಾಡು ಕೇಳುವ ಸುಖವೇ ಬೇರೆ. ಆದರೆ ಆ ಬಯಲಿನ ಸುಖ ಮಳೆ ಬಾರದ ಸಂಜೆಗಳಿಗೆ ಸೀಮಿತವಾದದ್ದು. ಇನ್ನು ಒಳಾಂಗಣ ಸಭಾಂಗಣದ ಕತೆ. ಕೆಲವು ವರ್ಷಗಳ ಹಿಂದೆ ಒಂದು ಆಷಾಢದ ಸಂಜೆ, ಹೆಸರು ಬೇಡ, ಒಂದು ಸಭಾಂಗಣದಲ್ಲಿ ವೀಣಾವಾದನವಿತ್ತು. ಆಲಾಪನೆ ಆರಂಭವಾಗಿ ಐದು ನಿಮಿಷಕ್ಕೆ ಮಳೆ ಹಿಡಿಯಿತು. ತಗಡಿನ ಛಾವಣಿಯ ಮೇಲೆ ಬಿದ್ದ ಆ ಸದ್ದಿನಲ್ಲಿ ವೀಣೆಯ ತಂತಿಯ ಮೇಲೆ ಓಡಾಡುವ ಬೆರಳುಗಳು ಕಂಡವೇ ಹೊರತು ನಾದ ಕೇಳಲಿಲ್ಲ. ಧ್ವನಿವರ್ಧಕ ಹೆಚ್ಚಿಸಿದಾಗ ಎದುರುಬದುರಿನ ಬೋಳು ಗೋಡೆಗಳಿಗೆ ಬಡಿದು ಒಂದು ಸ್ವರ ಮೂರಾಗಿ ಮರಳಿತು. ಕಲಾವಿದೆ ನಗುತ್ತಾ ವೀಣೆಯನ್ನು ತೊಡೆಯ ಮೇಲೇ ಇಟ್ಟುಕೊಂಡು ಮುಕ್ಕಾಲು ಗಂಟೆ ಮಳೆ ನಿಲ್ಲಲು ಕಾದರು. ಮಡಿಕೇರಿಯ ಮಳೆ ಮುಕ್ಕಾಲು ಗಂಟೆಗೆ ನಿಲ್ಲುವುದೆಂದು ಅವರಿಗೆ ಯಾರು ಹೇಳಿದ್ದರೋ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ನಾವು ಕ್ರೀಡಾಂಗಣವೆಂದರೆ ಬಯಲು ಎಂದೇ ಭಾವಿಸಿದ್ದೇವೆ. ಕೆಸರುಗದ್ದೆಯ ಓಟ, ಹಗ್ಗಜಗ್ಗಾಟಗಳನ್ನು ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳಲ್ಲಿ ಹುಲ್ಲು ಬೆಳೆಯುತ್ತದೆ, ಹಸುಗಳು ಮೇಯುತ್ತವೆ. ಆ ನಾಲ್ಕು ತಿಂಗಳು ಮಕ್ಕಳು ಮನೆಯೊಳಗೆ ಮೊಬೈಲ್ ಹಿಡಿದಿದ್ದಾರೆಂದು ದೂರುವ ನಾವು, ಅವರಿಗೆ ಮೊಬೈಲಿನ ಹೊರತು ಒಣಗಿದ ನೆಲ ಎಲ್ಲಿದೆ ಎಂದು ತೋರಿಸಿಲ್ಲ.

ನನ್ನ ಮನಸ್ಸಿನಲ್ಲಿರುವುದು ತಾಲ್ಲೂಕಿಗೊಂದು ಸೂರಿನಡಿಯ ನೆಲ. ದೊಡ್ಡ ಮಾತೇನಲ್ಲ: 40 ಮೀಟರ್ ಉದ್ದ, 20 ಮೀಟರ್ ಅಗಲ. ಹ್ಯಾಂಡ್‌ಬಾಲ್ ಅಂಕಣದ ಅಳತೆ ಅದು. ಗಾಲಿ ಶೂ ತೊಟ್ಟು ಆಡುವ ರಿಂಕ್ ಹಾಕಿಯ ಪ್ರಮಾಣಿತ ಅಂಕಣಕ್ಕೂ ಅಷ್ಟೇ. 18 ಮೀಟರ್ ಉದ್ದದ ವಾಲಿಬಾಲ್ ಅಂಕಣವಾಗಲಿ, 13 ಮೀಟರ್ ಉದ್ದದ ಕಬಡ್ಡಿ ಅಂಕಣವಾಗಲಿ ಅದರೊಳಗೆ ಆರಾಮವಾಗಿ ಕೂರುತ್ತದೆ. ರಿಂಕ್ ಹಾಕಿಯನ್ನು 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಪ್ರದರ್ಶನ ಕ್ರೀಡೆಯಾಗಿ ಆಡಿಸಿದ್ದರು. ಹಾಕಿ ಕೋಲನ್ನು ಕೈಯಲ್ಲಿ ಹಿಡಿದೇ ಹುಟ್ಟುವ ನಮ್ಮ ಮಕ್ಕಳಿಗೆ ಗಾಲಿಯನ್ನೂ ಕೊಟ್ಟರೆ ಏನಾದೀತೆಂದು ಊಹಿಸಿ ನಾನು ಒಬ್ಬಳೇ ನಕ್ಕದ್ದುಂಟು.

ಇದಕ್ಕೆ ತಕರಾರುಗಳು ಬರುತ್ತವೆ ಎಂಬುದು ಗೊತ್ತಿದೆ, ಕೆಲವು ನಿಜವಾದವೂ ಹೌದು. ಬ್ಯಾಡ್ಮಿಂಟನ್ ಆಡುವ ನನ್ನ ಮಾಜಿ ಸಹೋದ್ಯೋಗಿ ಈ ಮಾತು ಕೇಳಿ ಹೌಹಾರಿದರು: ಮರದ ಹಲಗೆಯ ನೆಲದ ಮೇಲೆ ಸ್ಕೇಟಿಂಗ್ ಬಿಟ್ಟರೆ ವರ್ಷದೊಳಗೆ ಹಲಗೆ ಗೀರಿ ಹಾಳಾಗುತ್ತದೆ ಎಂದರು. ಅವರು ಹೇಳಿದ್ದು ಸರಿ. ಹಾಗಾಗಿ ನೆಲ ನಯವಾದ ಕಾಂಕ್ರೀಟಿನದಾಗಿರಲಿ, ಬ್ಯಾಡ್ಮಿಂಟನ್, ಕಬಡ್ಡಿಗಳಿಗೆ ಸುತ್ತಿಡಬಹುದಾದ ಮ್ಯಾಟ್ ಇರಲಿ. ಸೂರು ಹಾಕಿದ ಮಾತ್ರಕ್ಕೆ ನಮ್ಮ ಹವೆಯಲ್ಲಿ ನೆಲ ಒಣಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಆಟಿ ತಿಂಗಳಲ್ಲಿ ನಮ್ಮ ಮನೆಯ ಹಜಾರವೇ ಬೆವರುತ್ತದೆ. ತೇವದ ನೆಲದಲ್ಲಿ ಗಾಲಿ ಹಿಡಿತ ತಪ್ಪುತ್ತದೆ, ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ತಳಪಾಯ ಎತ್ತರಿಸಬೇಕು, ಎರಚಲು ಬಾರದಂತೆ ಆದರೆ ಗಾಳಿ ಆಡುವಂತೆ ಪಕ್ಕಗಳನ್ನು ಕಟ್ಟಬೇಕು, ತಗಡಿನ ಕೆಳಗೆ ಸದ್ದು ತಡೆಯುವ ಪದರ ಹಾಕಬೇಕು. ಆ ಪದರವೊಂದಿದ್ದರೆ ವೀಣೆಯನ್ನೂ ಕೇಳಬಹುದು. ಬೆಳಗ್ಗೆ ಆರರಿಂದ ಏಳರವರೆಗೆ ನಡೆಯುವವರಿಗೆ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ, ಶನಿವಾರ ಸಂಜೆ ಹಾಡಿಗೆ, ಭಾನುವಾರ ಯಾವ ತರಬೇತಿಯೂ ಇಲ್ಲದೆ ಯಾರು ಬೇಕಾದರೂ ಬಂದು ಬೀಳಲು. ಖರ್ಚಿನ ಲೆಕ್ಕ ಎಂಜಿನಿಯರರು ಹಾಕಲಿ.

ಇನ್ನೊಂದು ವಿಷಯ, ಚಿಕ್ಕದೆಂದು ಗಂಡಸರು ಭಾವಿಸುವಂಥದ್ದು: ಶೌಚಾಲಯ. ದಿನವಿಡೀ ಪಂದ್ಯ ನೋಡಲು ಹೋಗುವ ಹೆಂಗಸರು ಬೆಳಗಿನಿಂದ ನೀರು ಕುಡಿಯದೆ ಕೂರುವುದನ್ನು ನಾನು ಕಂಡಿದ್ದೇನೆ, ನಾನೂ ಕೂತಿದ್ದೇನೆ. ಗ್ಯಾಲರಿಗೆ ಯಾರ ಹೆಸರಿಡಬೇಕೆಂಬ ಚರ್ಚೆಗೆ ಮೊದಲು ಇದು ಮುಗಿಯಲಿ.

ಮೈಸೂರಿಗೆ ಹೋಗಿಬಂದ ಆಯಾಸ ಇಬ್ಬರಿಗೂ ಎರಡು ದಿನ ಇಳಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಮನೆಯ ಹಿಂದೆ ಗರಗರ ಸದ್ದು ಕೇಳಿ ಹೋಗಿ ನೋಡಿದರೆ, ಮೊಮ್ಮಗಳು ಕಾಫಿ ಒಣಗಿಸುವ ಕಣದಲ್ಲಿ ಸುತ್ತುತ್ತಿದ್ದಳು. ರೊಬಸ್ಟಾ ಒಣಗಿ ಚೀಲ ಸೇರಿತ್ತು, ಮೆಣಸೂ ಮುಗಿದಿತ್ತು. ಸಿಮೆಂಟು ಹಾಕಿದ ಕಣ ಗುಡಿಸಿಟ್ಟಂತೆ ಖಾಲಿ ಬಿದ್ದಿತ್ತು. ನೀರು ಹರಿದು ಹೋಗಲೆಂದು ಕೊಟ್ಟ ಇಳಿಜಾರು ಒಂದು ಕಡೆ ಅವಳನ್ನು ಎಳೆಯುತ್ತಿತ್ತು, ಅಲ್ಲಲ್ಲಿ ಸಿಮೆಂಟು ಎದ್ದ ಜಾಗದಲ್ಲಿ ಗಾಲಿ ಎಡವುತ್ತಿತ್ತು, ಆದರೂ ಇಷ್ಟು ದೊಡ್ಡ ಬಯಲು ಅವಳಿಗೆ ಬೆಂಗಳೂರಿನಲ್ಲಿಯೂ ಸಿಕ್ಕಿರಲಿಲ್ಲ. ಇಷ್ಟು ವರ್ಷ ಆ ಕಣದಲ್ಲಿ ಕಾಫಿ ಎಳೆದು ಹರವಿದವಳು ನಾನು. ಅದು ಆಟದ ಕಣವೂ ಆಗಬಹುದೆಂದು ಆ ಪದವೇ ಹೇಳುತ್ತಿದ್ದರೂ ನನಗೆ ಕೇಳಿಸಿರಲಿಲ್ಲ.

ಆದರೆ ಎಲ್ಲರ ಮನೆಯ ಹಿಂದೆ ಕಣವಿರುವುದಿಲ್ಲ. ಪೇಟೆಯ ಮಕ್ಕಳಿಗಿಲ್ಲ. ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಯ ಮಕ್ಕಳಿಗೆ ಕಣವಿದೆ, ಅದರ ಮೇಲೆ ಹಕ್ಕಿಲ್ಲ. ನಾಲ್ಕನೆಯ ದಿನ ಲೈನ್ ಮನೆಯ ಹುಡುಗಿ, ಇವಳದೇ ವಯಸ್ಸಿನವಳು, ಕಣದ ಮೂಲೆಯಲ್ಲಿ ಬಂದು ನಿಂತಳು. ಕರೆದರೂ ಒಳಗೆ ಕಾಲಿಡಲಿಲ್ಲ. ಮೊಮ್ಮಗಳು ತನ್ನ ಬಲಗಾಲಿನ ಶೂ ಬಿಚ್ಚಿ ಅವಳತ್ತ ಉರುಳಿಸಿದಳು. ಆಮೇಲೆ ಒಂದು ವಾರ, ಒಬ್ಬಳ ಎಡಗಾಲಿಗೊಂದು, ಇನ್ನೊಬ್ಬಳ ಬಲಗಾಲಿಗೊಂದು ಗಾಲಿ ಕಟ್ಟಿಕೊಂಡು, ಬರಿಗಾಲಿನಿಂದ ನೆಲವನ್ನು ಒದೆಯುತ್ತಾ, ಒಬ್ಬರ ಹೆಗಲನ್ನೊಬ್ಬರು ಹಿಡಿದು ಇಬ್ಬರೂ ಸುತ್ತಿದರು. ಹೆಲ್ಮೆಟ್ ಒಂದೇ ಇದ್ದದ್ದರಿಂದ ಅದನ್ನು ಸರದಿಯಲ್ಲಿ ಹಾಕಿಕೊಳ್ಳಬೇಕೆಂದು ನಾನು ಕಡ್ಡಾಯ ಮಾಡಿದೆ. ಶಿಕ್ಷಕಿಯ ಅಭ್ಯಾಸ ಹೋಗಬೇಕಲ್ಲ. ಎಂಟನೆಯ ದಿನ ಮಧ್ಯಾಹ್ನ ಗುಡುಗಿ ಮಳೆ ಬಂತು, ಕಣದ ಇಳಿಜಾರಿನಲ್ಲಿ ನೀರು ಹರಿಯಿತು, ಇಬ್ಬರೂ ಉಗ್ರಾಣದ ಸೂರಿನ ಕೆಳಗೆ ಓಡಿ ಬಂದು ಒಂದೊಂದು ಶೂ ಹಿಡಿದು ಹಳೆಯ ಸೀರೆಯಲ್ಲಿ ಗಾಲಿ ಒರೆಸುತ್ತಾ ಕೂತರು.