ಪೇಂಟು ಸೋರಿದ್ದಕ್ಕೆ ಪೂರ್ತಿ ಅಂಕ

ಅಮೆರಿಕದಲ್ಲಿ ಒಂದು ವಿಚಿತ್ರ ಪರೀಕ್ಷೆ ನಡೆಯುತ್ತದೆ. ಕೆಲಸ ಜಾಸ್ತಿ ಚೆನ್ನಾಗಿ ಮಾಡಿದರೆ ಅಂಕ ಕಟ್. 1970ರಲ್ಲಿ ಡೆಟ್ರಾಯಿಟ್‌ನ ಫ್ಯಾಕ್ಟರಿಯ ಕೆಲಸಗಾರ ನಿದ್ದೆಗಣ್ಣಲ್ಲಿ ಹೇಗೆ ಮಾಡಿದ್ದನೋ ಹಾಗೇ ಮಾಡಿದರೆ ಪೂರ್ತಿ ಅಂಕ. ಹಳೇ ಮಸಲ್ ಕಾರನ್ನು ಮೊದಲಿದ್ದ ಸ್ಥಿತಿಗೆ ತರುವುದು ಅಂದರೆ ಇದೇ.

ಮಸಲ್ ಕಾರು ಅಂದರೆ ಮನೆಮಂದಿಗೆಂದು ಮಾಡಿದ ಕಾರಿಗೆ ರಾಕ್ಷಸ ಗಾತ್ರದ ಎಂಜಿನ್ ತುರುಕಿ, ಬಿಸಿರಕ್ತದ ಹುಡುಗರಿಗೆ ಮಾರಿದ್ದು. 1964ರ ಪಾಂಟಿಯಾಕ್ ಜಿಟಿಒ ಇದಕ್ಕೆ ನಾಂದಿ ಹಾಡಿತು ಅನ್ನುತ್ತಾರೆ. ಆ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಪಾಂಟಿಯಾಕ್‌ನ ಒಡೆಯ ಜನರಲ್ ಮೋಟಾರ್ಸ್ ಕಂಪನಿಯಲ್ಲೇ ರೂಲ್ಸ್ ಇತ್ತು. ಪಾಂಟಿಯಾಕ್‌ನವರು 389 ಇಂಚಿನದನ್ನು ಆಪ್ಷನ್ ಪಟ್ಟಿಯಲ್ಲಿ ಸೇರಿಸಿ, ಮೇಲಿನವರಿಗೆ ಗೊತ್ತಾಗುವಷ್ಟರಲ್ಲಿ ಮಾರಿಬಿಟ್ಟರು. ಹೀಗೆ ರೂಲ್ಸ್ ಮುರಿದು ಹುಟ್ಟಿದ ಕಾರಿನ ಸುತ್ತ ಈಗ ಬೆಳೆದಿರುವ ರೂಲ್ಸ್ ನೋಡಿದರೆ ತಲೆ ತಿರುಗುತ್ತದೆ.

ಷೆವರ್ಲೆಯ ಕಾರ್ವೆಟ್ ಅನ್ನುವ ಸ್ಪೋರ್ಟ್ಸ್ ಕಾರಿನವರಿಗೆ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಅಂತ 1974ರಿಂದ ಒಂದು ಸಂಘವೇ ಇದೆ. ಅವರ ಟಾಪ್ ಫ್ಲೈಟ್ ಪ್ರಶಸ್ತಿಗೆ 100ಕ್ಕೆ 94 ಬೇಕು. ನಮ್ಮೂರಲ್ಲಿ ಅಷ್ಟು ತೆಗೆದ ಹುಡುಗನಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸುತ್ತಾರೆ. ಅಲ್ಲಿ ಟಾರ್ಚ್ ಹಿಡಿದು ಕಾರಿನ ಕೆಳಗೆಲ್ಲಾ ಬಗ್ಗಿ ನೋಡುವ ತೀರ್ಪುಗಾರರಿದ್ದಾರೆ. ಇಂಥ ಕಡೆ ನಡೆಯುವ ಮಾತುಕತೆ ಕನ್ನಡದಲ್ಲಾದರೆ ಹೀಗಿರುತ್ತದೆ:

"ಏನ್ ಸ್ವಾಮಿ, ಪೇಂಟು ಇಷ್ಟೊಂದು ನುಣುಪಾಗಿದೆಯಲ್ಲ?"

"ತಿಂಗಳುಗಟ್ಟಲೆ ಉಜ್ಜಿದ್ದೀನಿ ಸಾರ್. ಮುಖ ಕಾಣುತ್ತೆ ನೋಡಿ."

"ಅದೇ ಆಗಬಾರದಿತ್ತು. ಕಿತ್ತಳೆ ಸಿಪ್ಪೆ ಎಲ್ಲಿ?"

ಪೇಂಟಿನ ಮೇಲೆ ಏಳುವ ಸಣ್ಣ ಸಣ್ಣ ಉಬ್ಬುತಗ್ಗಿಗೆ ಪೇಂಟರುಗಳು ಕಿತ್ತಳೆ ಸಿಪ್ಪೆ ಅನ್ನುತ್ತಾರೆ. ಯಾವ ಗ್ಯಾರೇಜಿನಲ್ಲೂ ಅದು ಬೈಸಿಕೊಳ್ಳುವ ಕೆಲಸ. ಆದರೆ ಆಗ ಫ್ಯಾಕ್ಟರಿಯಿಂದ ಬಂದ ಕಾರುಗಳಲ್ಲಿ ಅದು ಇತ್ತು. ಹಾಗಾಗಿ ಈಗಲೂ ಇರಬೇಕು. ಸುಮ್ನೆ ಇದ್ದರೂ ಸಾಲದು, ಆ ಫ್ಯಾಕ್ಟರಿಯಲ್ಲಿ ಎಷ್ಟಿತ್ತೋ ಅಷ್ಟೇ ಇರಬೇಕು. ಕಾರಿನ ಕೆಳಭಾಗಕ್ಕೆ ಬಣ್ಣ ಅಡ್ಡಾದಿಡ್ಡಿ ಹಾರಿರಬೇಕು. ಒಂದು ಕಡೆ ಸೋರಿ ಹನಿಗಟ್ಟಿದ್ದರೆ ಇನ್ನೂ ಒಳ್ಳೆಯದು. ಒಬ್ಬ ಒಳ್ಳೇ ಪೇಂಟರ್‌ನನ್ನು ಹುಡುಕಿ, ಅವನಿಗೆ ಕೈತುಂಬಾ ದುಡ್ಡು ಕೊಟ್ಟು, "ದಯವಿಟ್ಟು ಸ್ವಲ್ಪ ಕೆಟ್ಟದಾಗಿ ಹೊಡಿ ಮಾರಾಯಾ" ಅಂತ ಬೇಡಿಕೊಳ್ಳುವ ಸ್ಥಿತಿ. ಅವನಿಗೋ ಕೈ ಬರುವುದಿಲ್ಲ. ಜೀವಮಾನವಿಡೀ ಚೆನ್ನಾಗಿ ಹೊಡೆದು ಅಭ್ಯಾಸ.

ಇನ್ನು ಸೀಮೆಸುಣ್ಣದ ಕತೆ. ಅಸೆಂಬ್ಲಿ ಲೈನಿನಲ್ಲಿ ಯಾವ ಕಾರಿಗೆ ಯಾವ ಸ್ಪ್ರಿಂಗು, ಯಾವ ಬೋಲ್ಟು ಬಿಗಿ ಮಾಡಿ ಆಯಿತು ಅಂತ ಕೆಲಸಗಾರರು ಸೀಮೆಸುಣ್ಣದಲ್ಲೋ ಮೇಣದ ಪೆನ್ಸಿಲಿನಲ್ಲೋ ಗೀಚುತ್ತಿದ್ದರು, ಇಲ್ಲವೇ ಬಣ್ಣದ ಚುಕ್ಕಿ ಇಡುತ್ತಿದ್ದರು. ಮೊದಲ ಮಳೆಗೆ ಅಳಿಸಿ ಹೋಗಲಿ ಅಂತಲೇ ಗೀಚಿದ್ದು. ಈಗ ಅದರ ಫೋಟೋಗಳನ್ನು ಹುಡುಕಿ, ಗೀಟು ಎಡಕ್ಕೆ ವಾಲಿತ್ತೋ ಬಲಕ್ಕೋ ಅಂತ ವಾದ ಮಾಡಿ, ಅದೇ ಬಣ್ಣದಲ್ಲಿ ಮತ್ತೆ ಗೀಚುತ್ತಾರೆ. ಯಾವನೋ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು ಅಂತ ಅರ್ಧಕ್ಕೇ ಬಿಟ್ಟ ಗೀಟಿಗೂ ಒಬ್ಬ ಪಂಡಿತ ಇರುತ್ತಾನೆ.

ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಒಂದು ಹಾಳೆ ಅಚ್ಚಾಗಿ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಅದು ಕಸ. ಕಸದ ಬುಟ್ಟಿವರೆಗೆ ಯಾರು ಹೋಗ್ತಾರೆ ಅಂತ ಎಷ್ಟೋ ಸಲ ಸೀಟಿನ ಸ್ಪ್ರಿಂಗಿನ ಸಂದಿಗೆ ತುರುಕುತ್ತಿದ್ದರು. ಈಗ ಆ ಹಾಳೆಯೇ ಕಾರಿನ ಜಾತಕ. ಸಿಕ್ಕಿದರೆ ಬೆಲೆ ಏರುತ್ತದೆ. ಸಿಗದಿದ್ದರೆ ಹೊಸದಾಗಿ ಅಚ್ಚು ಮಾಡಿ ಕೊಡುವವರೂ ಇದ್ದಾರೆ.

ಪಾರ್ಟುಗಳಿಗೂ ಹುಟ್ಟಿದ ದಿನ ನೋಡುತ್ತಾರೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ಮೇಲಿರುವ ತಾರೀಖು ಕಾರು ತಯಾರಾದ ತಾರೀಖಿಗಿಂತ ಸ್ವಲ್ಪ ಹಿಂದಿನದಾಗಿರಬೇಕು. ಮುಂದಿನದಾಗಿದ್ದರೆ ಸಿಕ್ಕಿಬಿದ್ದಿರಿ. ತೀರಾ ಹಿಂದಿನದಾಗಿದ್ದರೂ ಅನುಮಾನ. ಎಂಜಿನ್ ಬ್ಲಾಕಿನ ಮೇಲೆ ಕೊರೆದ ನಂಬರು ಕಾರಿಗೆ ಫ್ಯಾಕ್ಟರಿ ಕೊಟ್ಟ ನಂಬರಿಗೆ ತಾಳೆಯಾದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅದಕ್ಕೇ ಬೇರೆ ಬ್ಲಾಕಿನ ನಂಬರು ಉಜ್ಜಿ, ಬೇಕಾದ ನಂಬರು ಕೊರೆಯುವ ಕಳ್ಳರೂ ಹುಟ್ಟಿಕೊಂಡರು. ಅವರನ್ನು ಹಿಡಿಯಲು ಭೂತಗನ್ನಡಿ ಹಿಡಿದ ತಜ್ಞರು ಬಂದರು. ಇಷ್ಟೆಲ್ಲಾ ಆದ ಮೇಲೆ ಅದರಲ್ಲಿ ಯಾವ ಪೆಟ್ರೋಲ್ ಹಾಕುತ್ತಾರೆ? ಆ ಎಂಜಿನ್ ಕುಡಿಯುತ್ತಿದ್ದದ್ದು ಸೀಸ ಬೆರೆಸಿದ ಪೆಟ್ರೋಲ್. ರಸ್ತೆಯ ವಾಹನಗಳಿಗೆ ಅದನ್ನು ಹಾಕುವಂತಿಲ್ಲ ಅಂತ ಅಮೆರಿಕ 1996ರಲ್ಲೇ ಪೂರ್ತಿ ನಿಷೇಧಿಸಿದೆ. ಪುಣ್ಯಕ್ಕೆ ಟೈರಿನೊಳಗಿನ ಗಾಳಿ 1970ರದ್ದೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ. ಟೈರು ಮಾತ್ರ ಆ ಕಾಲದ ಮಾದರಿಯದ್ದೇ ಬೇಕು. ತಿರುವಿನಲ್ಲಿ ಜೀವ ಬಾಯಿಗೆ ಬರುತ್ತದೆ ನಿಜ, ಆದರೆ ತಿರುಗಿಸುವವರು ಯಾರು? ಇಂಥ ಎಷ್ಟೋ ಕಾರುಗಳು ಒಂದು ಷೋನಿಂದ ಇನ್ನೊಂದಕ್ಕೆ ಟ್ರೇಲರ್ ಮೇಲೆ ಕೂತು ಹೋಗುತ್ತವೆ. ನೂರಾರು ಕುದುರೆಗಳ ಶಕ್ತಿ ಇರುವ ಕಾರನ್ನು ಡೀಸೆಲ್ ಲಾರಿ ಎಳೆಯುತ್ತದೆ.

ನನಗೆ ತುಂಬಾ ಇಷ್ಟವಾದದ್ದು 1970ರ ಪ್ಲಿಮತ್ ಸೂಪರ್‌ಬರ್ಡ್. ನ್ಯಾಸ್ಕಾರ್ ಅನ್ನುವ ಅಮೆರಿಕದ ಕಾರ್ ರೇಸಿಗೆ ಇಳಿಸಬೇಕಾದರೆ ಅದೇ ಕಾರನ್ನು ಜನರಿಗೂ ಮಾರಬೇಕು ಅಂತ ನಿಯಮವಿತ್ತು. ಅದಕ್ಕಾಗಿ ಸುಮಾರು 1,900 ಕಾರು ಮಾಡಿದರು. ಮುಂದೆ ಉದ್ದನೆಯ ಚೂಪು ಮೂತಿ, ಹಿಂದೆ ಬಟ್ಟೆ ಒಣಹಾಕಬಹುದಾದಷ್ಟು ಎತ್ತರದ ರೆಕ್ಕೆ. ಹಿಂದಿನ ಗಾಜಿನ ಸುತ್ತ ಬೆಸುಗೆಯ ಗುರುತು ಉಳಿಯಿತು. ಅದನ್ನು ಉಜ್ಜಿ ಸರಿ ಮಾಡಲು ಟೈಮಿಲ್ಲ ಅಂತ ಟಾಪಿನ ಮೇಲೆ ವಿನೈಲ್ ಹೊದಿಸಿ ಮುಚ್ಚಿದರು. ಆಗ ಅದನ್ನು ಕೇಳುವವರೇ ಇರಲಿಲ್ಲ. ಎಷ್ಟೋ ಡೀಲರುಗಳ ಬಳಿ ಮಾರಾಟವಾಗದೆ ಬಿದ್ದಿತ್ತು. ಕೆಲವರು ಮೂತಿ, ರೆಕ್ಕೆ ಎರಡನ್ನೂ ಕಿತ್ತು ಅದೇ ಕಂಪನಿಯ ಸಾಮಾನ್ಯ ಮಾದರಿಯಾದ ರೋಡ್ ರನ್ನರ್ ಅಂತ ಮಾರಿದರು. ಇಂದು ಅದೇ ಮೂತಿ, ಅದೇ ರೆಕ್ಕೆಗೆ ಜನ ಅಲೆಯುತ್ತಿದ್ದಾರೆ. ಬೆಸುಗೆ ಮುಚ್ಚಿದ ವಿನೈಲ್ ಇಲ್ಲದಿದ್ದರೆ ಅದು ಸೂಪರ್‌ಬರ್ಡೇ ಅಲ್ಲ. ಹೆಮಿ ಅನ್ನುವ ದೈತ್ಯ ಎಂಜಿನ್ ಹಾಕಿದ, ಟಾಪು ತೆರೆಯಬಹುದಾದ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್‌ನದ್ದೂ ಹೀಗೇ. ಯಾರಿಗೂ ಬೇಡವಾಗಿ ಒಂದು ಡಜನ್‌ನಷ್ಟು ಮಾತ್ರ ತಯಾರಾಯಿತು. 2014ರಲ್ಲಿ ಒಂದು ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು, ಆಗಿನ ಲೆಕ್ಕದಲ್ಲಿ ಸುಮಾರು 21 ಕೋಟಿ ರೂಪಾಯಿ.

ಇಲ್ಲಿಯವರೆಗೆ ಇದು ದುಡ್ಡಿದ್ದವರ ಹುಚ್ಚು ಅಂತ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅಂಕ ಕಟ್ ಮಾಡುವ ಚಟ ಸರ್ಕಾರಕ್ಕೂ ಹತ್ತಿತು.

ಕಾನ್ಸಾಸ್ ರಾಜ್ಯದ ಒಬ್ಬರು ನಿವೃತ್ತರು ಇಂಡಿಯಾನಾದಿಂದ 1959ರ ಕೆಂಪು ಕಾರ್ವೆಟ್ ಕೊಂಡರು. ಚೆನ್ನಾಗಿ ರೆಸ್ಟೋರ್ ಆಗಿದ್ದ ಕಾರು, 50 ಸಾವಿರ ಡಾಲರ್. 2017ರಲ್ಲಿ ನೋಂದಣಿಗೆಂದು ತಾವೇ ತಪಾಸಣೆಗೆ ತೆಗೆದುಕೊಂಡು ಹೋದರು. ಪೊಲೀಸರು ಫ್ಯಾಕ್ಟರಿ ಕೊಟ್ಟ ನಂಬರಿರುವ ಲೋಹದ ಪಟ್ಟಿ ನೋಡಿದರು. ನಂಬರಿನ ಮೇಲೆ ಕಳವಿನ ದೂರಿಲ್ಲ. ಆದರೆ ಪಟ್ಟಿಗೆ ಹೊಡೆದ ರಿವೆಟ್ ಫ್ಯಾಕ್ಟರಿಯದ್ದಲ್ಲ! ಹಿಂದೆ ಯಾರೋ ಪೇಂಟು ಮಾಡುವಾಗ ಪಟ್ಟಿ ಬಿಚ್ಚಿ ಮತ್ತೆ ಹೊಡೆದಿದ್ದರು. ಪೇಂಟು ಮಾಡುವವರು ಮತ್ತೇನು ಮಾಡಬೇಕು, ನಂಬರಿನ ಮೇಲೇ ಬಳಿಯಬೇಕಾ? ಅದೆಲ್ಲಾ ಗೊತ್ತಿಲ್ಲ, ಕಾರು ಜಪ್ತಿ. ಅಲ್ಲಿನ ಕಾನೂನಿನಂತೆ ಅಂಥ ಕಾರನ್ನು ನಾಶ ಮಾಡಬೇಕು. ಕೊಂಡವರದ್ದು ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿದರು. ಆದರೂ ಕಾರನ್ನು ಜಜ್ಜಿ ಹಾಕಲೇಬೇಕು ಅಂತ ಸರ್ಕಾರದ ಹಟ. ತೀರ್ಪುಗಾರರಾದರೆ ರಿವೆಟ್ಟಿಗೆ ನಾಲ್ಕು ಅಂಕ ಕಳೆದು ಮುಂದಕ್ಕೆ ಹೋಗುತ್ತಿದ್ದರು. ಸರ್ಕಾರ ಇಡೀ ಕಾರನ್ನೇ ಕಳೆಯಲು ಹೊರಟಿತು. ಕೋರ್ಟು, ವಕೀಲರು, ಓಡಾಟ ಎಲ್ಲಾ ಆಯಿತು. ಕೊನೆಗೆ 2022ರಲ್ಲಿ ಶಾಸನಸಭೆಯೇ ಕಾನೂನು ತಿದ್ದಿ, ಹಳೇ ಕಾರನ್ನು ರೆಸ್ಟೋರ್ ಮಾಡುವಾಗ ಪಟ್ಟಿ ಬಿಚ್ಚಿ ಹಾಕಿದರೆ ಅಪರಾಧವಲ್ಲ ಅಂತ ಹೇಳಬೇಕಾಯಿತು. ರಿವೆಟ್ಟಿಗೂ ಒಂದು ಕಾಯಿದೆ.

ನಾವೇನು ಕಮ್ಮಿ ಅಂದುಕೊಳ್ಳಬೇಡಿ. 2021ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರವೂ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ಬದಲಾವಣೆಯಂಥ ದೊಡ್ಡ ಓವರ್‌ಹಾಲ್ ಆಗಿರಬಾರದು. 50 ವರ್ಷ ನಮ್ಮ ರಸ್ತೆಗಳಲ್ಲಿ ಓಡಿಯೂ ದೊಡ್ಡ ಕೆಲಸ ಮಾಡಿಸಿಕೊಳ್ಳದ ಕಾರು ಯಾವುದಾದರೂ ಇದ್ದರೆ ಅದಕ್ಕೆ ನಂಬರ್ ಪ್ಲೇಟ್ ಯಾಕೆ, ಗುಡಿಯನ್ನೇ ಕಟ್ಟಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಪ್ಲೇಟಿನ ಮೇಲೆ 'ವಿಎ' ಅಂತ ಗುರುತು. ಇಷ್ಟು ಕೊಟ್ಟ ಮೇಲೆ ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಮತ್ತೆ ಪೆಟ್ರೋಲ್ ಹಾಕಿಸಲು ಹೋಗಬಹುದು.

ಈಗ ಹೆಮಿ ಎಂಜಿನ್ನಿನ ಒಂದು ಮಸಲ್ ಕಾರಿಗೆ ಬೆಂಗಳೂರಿನಲ್ಲಿ ಆ ಪ್ಲೇಟು ಸಿಕ್ಕಿತು ಅಂದುಕೊಳ್ಳಿ. ಊರೊಳಗೆ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದೂ ಇಲ್ಲ. ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿಯುತ್ತಾರೆ.

"ಎಲ್ಲಿಗೆ ಹೊರಟ್ರಿ?"

"ಪೆಟ್ರೋಲ್ ಹಾಕಿಸೋಕೆ ಸಾರ್."

"ಬರ್ತಿರೋದು ಎಲ್ಲಿಂದ?"

"ಪೆಟ್ರೋಲ್ ಬಂಕಿಂದ ಸಾರ್."