ಹೊಡೀಬೇಡಮ್ಮಾ, ಕಾಲು ನೋಡ್ಬೇಕು!

ಇದನ್ನು ಬರೆಯುವಾಗಲೂ ನನ್ನ ಎಡಗೈ ಮೇಲೆ ಒಂದು ರೂಪಾಯಿ ಅಗಲದ ದದ್ದು ಉರೀತಾ ಇದೆ. ಚಿಕ್ಕಬಳ್ಳಾಪುರದಲ್ಲಿ ಸೊಳ್ಳೆ ಕಚ್ಚೋದು ಸುದ್ದಿಯಲ್ಲ ಬಿಡಿ. ನಮ್ಮ ಬೀದಿಗೆ ನಲ್ಲಿ ನೀರು ಬರೋದು ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ. ಮೊಟ್ಟೆ ಸೊಳ್ಳೆಯಾಗೋಕೆ ಬೇಕಾದ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಡ್ರಮ್ಮು, ಸಂಪು, ಬಿಂದಿಗೆ ಎಲ್ಲ ತುಂಬಿಟ್ಟುಕೊಂಡು ನಾವೂ ಕಾಯ್ತೀವಿ, ಒಳಗೆ ಅವೂ ಕಾಯ್ತವೆ. ನನ್ನ ಸಂಕಟ ಅದಲ್ಲ. ಈ ಸೊಳ್ಳೆ ಬಂದು ಕೂತಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ಬಲಗೈ ಎತ್ತಿಯೂ ಆಗಿತ್ತು. ಹೊಡೆಯೋಕೆ ಬಿಡಲಿಲ್ಲ.

ಬಿಡದವರು ನಮ್ಮ ಮಾವ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. 2023ರಲ್ಲಿ ನಮ್ಮ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಸಿಕ್ಕಿದೆ ಅಂತ ಪೇಪರಿನಲ್ಲಿ ಬಂತಲ್ಲ, ಅವತ್ತು ಶುರುವಾಗಿದ್ದು. "ನೋಡಮ್ಮಾ, ಸಿಕ್ಕಿದ್ದು ಮನುಷ್ಯರ ರಕ್ತದಲ್ಲಲ್ಲ, ಸೊಳ್ಳೆಯಲ್ಲಿ! ಮೊದಲೇ ಹಿಡಿದು ನೋಡಿದ್ದಕ್ಕೆ ತಾನೇ ಗೊತ್ತಾಗಿದ್ದು?" ಅಂದವರು ಸಂಜೆಯೊಳಗೆ ಬೀರುವಿನಿಂದ ಒಂದು ಖಾಲಿ ಹಾಜರಿ ಪುಸ್ತಕ ತೆಗೆದಿದ್ದರು. ಮಕ್ಕಳ ಹೆಸರಿರಬೇಕಾದ ಜಾಗದಲ್ಲಿ ಈಗ ಸೊಳ್ಳೆಗಳ ಹೆಸರು: ಈಡಿಸ್ ಈಜಿಪ್ಟೈ, ಈಡಿಸ್ ಆಲ್ಬೊಪಿಕ್ಟಸ್, ಕ್ಯೂಲೆಕ್ಸ್, ಅನಾಫಿಲಿಸ್. ಕ್ಯೂಲೆಕ್ಸ್ ಒಂದು ದಿನವೂ ತಪ್ಪಿಸಿಲ್ಲ. ಅನಾಫಿಲಿಸ್ ಎದುರು ಮಾತ್ರ ಸಾಲಾಗಿ ಗೈರು, ಗೈರು, ಗೈರು. ಮಾವನಿಗೆ ಅದೇ ಚಿಂತೆ. ವಿಳಾಸ ಗೊತ್ತಿದ್ದರೆ ಅದರ ಅಪ್ಪ ಅಮ್ಮನಿಗೆ ಹೇಳಿ ಕಳಿಸುತ್ತಿದ್ದರೇನೋ.

ಅವತ್ತಿನಿಂದ ಮನೆಯಲ್ಲಿ ಸೊಳ್ಳೆ ಬ್ಯಾಟಿಗೆ ನಿಷೇಧ. ಚಟ್ ಅಂತ ಸುಟ್ಟ ಮೇಲೆ ಎಲ್ಲ ಸೊಳ್ಳೆಯೂ ಒಂದೇ ಜಾತಿಯಂತೆ. ಏನಿದ್ದರೂ ಲೋಟ ಮುಚ್ಚಿ, ಅಡಿಗೆ ಮದುವೆ ಪತ್ರಿಕೆ ತಳ್ಳಿ ಹಿಡಿಯಬೇಕು. ಬಾಯಿಂದ ಎಳೆದು ಸೊಳ್ಳೆ ಹಿಡಿಯುವ ಒಂದು ಕೊಳವೆಯನ್ನೂ ಮಾಡಿಕೊಂಡಿದ್ದರು. ನಡುವೆ ಜಾಲರಿ ಕಟ್ಟೋದು ಮರೆತಿದ್ದರು. ಆ ದಿನದ ಲೆಕ್ಕದಲ್ಲಿ ಒಂದು ಕ್ಯೂಲೆಕ್ಸ್ ಕಮ್ಮಿ.

ಇವತ್ತು ಬೆಳಿಗ್ಗೆ ಹುರುಳಿಕಾಯಿ ನಾರು ತೆಗೀತಾ ಕೂತಿದ್ದೆ. ಕೈ ಮೇಲೆ ಅದು ಇಳಿಯಿತು.

"ಹೊಡೀಬೇಡಮ್ಮಾ! ಕಾಲು ನೋಡ್ಬೇಕು!"

"ಪಟ್ಟೆ ಇದೆ ಮಾವ, ಬಿಳಿ ಪಟ್ಟೆ. ಹೊಡೀಲಾ?"

"ಪಟ್ಟೆ ಎರಡಕ್ಕೂ ಇರುತ್ತೆ. ಬೆನ್ನ ಮೇಲೆ ವೀಣೆ ಥರ ಬಾಗಿದ ಗೆರೆ ಇದ್ರೆ ಈಜಿಪ್ಟೈ. ನಡುಮಧ್ಯೆ ಒಂದೇ ಗೆರೆ ಇದ್ರೆ ಆಲ್ಬೊಪಿಕ್ಟಸ್. ಅಲ್ಲಾಡಬೇಡ, ಭೂತಗನ್ನಡಿ ತರ್ತೀನಿ."

ಭೂತಗನ್ನಡಿ ಮೇಜಿನ ಮೇಲಿಲ್ಲ. ಮೊಮ್ಮಗ ಬಿಸಿಲಿಗೆ ಹಿಡಿದು ಪೇಪರ್ ಸುಡೋಕೆ ತಾರಸಿಗೆ ಒಯ್ದಿದ್ದ. ಮಾವ ಮೆಟ್ಟಿಲು ಹತ್ತಿದರು. ಮಂಡಿನೋವಿನ ಮನುಷ್ಯ, ಹತ್ತೋದು ನಿಧಾನ, ಇಳಿಯೋದು ಇನ್ನೂ ನಿಧಾನ. ನಾನು ಫೋಟೋ ಸ್ಟುಡಿಯೋದಲ್ಲಿ ಕೂತವಳ ಹಾಗೆ ಕೈ ಚಾಚಿಕೊಂಡು ಕೂತಿದ್ದೇನೆ.

"ಮಾವ, ಅದರ ಹೊಟ್ಟೆ ಕೆಂಪಾಗ್ತಾ ಇದೆ!"

"ಆಗ್ಲಿ ಬಿಡು," ಅಂತ ಮೇಲಿಂದ ಬಂತು. "ಹೆಣ್ಣು ಅಂತ ಖಾತ್ರಿಯಾಯ್ತು. ಗಂಡಾಗಿದ್ರೆ ಪೊದೆ ಮೀಸೆ ಇರೋದು. ಅದು ಕಚ್ಚಲ್ಲ, ಪಾಪ, ಹೂವಿನ ರಸ ಕುಡ್ಕೊಂಡು ತನ್ನ ಪಾಡಿಗೆ ಇರುತ್ತೆ."

ನನ್ನ ಯಜಮಾನರು ಮೊಬೈಲಿನಿಂದ ತಲೆ ಎತ್ತದೆ ಮೀಸೆ ಸವರಿಕೊಂಡರು. ಅದಕ್ಕೆ ಬೇರೆ ಲೆಕ್ಕ ಇಟ್ಟಿದ್ದೇನೆ.

ಮಾವ ಕನ್ನಡಿ ಹಿಡಿದು ಕೆಳಗಿಳಿಯುವ ಹೊತ್ತಿಗೆ ಆ ಮಹಾತಾಯಿ ಮದುವೆ ಊಟ ಮುಗಿಸಿದ ಬೀಗಿತ್ತಿಯ ಹಾಗೆ ಭಾರವಾಗಿ ಎದ್ದು, ಜೋಲಿ ಹೊಡೆಯುತ್ತಾ ಕಿಟಕಿ ದಾಟಿದಳು. ಮಾವ ಅದನ್ನೂ ಬರೆದರು. "ಬೆಳಿಗ್ಗೆ 7.40. ಅಡುಗೆಮನೆ. ಈಡಿಸ್, ಜಾತಿ ಖಚಿತವಿಲ್ಲ." ಷರಾ ಕಾಲಮ್ಮಿನಲ್ಲಿ: "ಸೊಸೆ ಅಲ್ಲಾಡಿದ್ದರಿಂದ." ನಾನು ಅಲ್ಲಾಡಿರಲಿಲ್ಲ. ದೇವರಾಣೆ ಅಲ್ಲಾಡಿರಲಿಲ್ಲ.

ಜಗಳ ಆಡಬಹುದಿತ್ತು. ಆದರೆ ಪೆನ್ನು ಹಿಡಿಯುವ ಮೊದಲು ಅವರು ಬೆರಳುಗಳನ್ನ ಒಂದೊಂದಾಗಿ ಬಿಡಿಸಿಕೊಳ್ಳುತ್ತಾರೆ, ಅದನ್ನ ನೋಡಿದರೆ ಬಾಯಿ ಬರಲ್ಲ. 2006ರ ಚಿಕೂನ್‌ಗುನ್ಯಾ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆಯೇ; ನಾನೂ ಈ ಮನೆಗೆ ಬಂದಿರಲಿಲ್ಲ. ಬೀದಿಗೆ ಬೀದಿಯೇ ಗೋಡೆ ಹಿಡಿದು, ಬಗ್ಗಿಕೊಂಡು ನಡೀತಿತ್ತಂತೆ. ಮಾವನಿಗೆ ತಿಂಗಳುಗಟ್ಟಲೆ ಸೀಮೆಸುಣ್ಣ ಹಿಡಿಯೋಕಾಗಲಿಲ್ಲ. ಕಾಫಿ ಲೋಟವನ್ನ ಅತ್ತೆಯೇ ಬಾಯಿಗೆ ಹಿಡಿದು ಕುಡಿಸುತ್ತಿದ್ದರಂತೆ. ಅತ್ತೆ ಈಗಿಲ್ಲ. ಚಳಿಗಾಲದ ಬೆಳಗಿನಲ್ಲಿ ಬೆರಳು ಈಗಲೂ ಮೊಂಡು ಹಿಡಿಯುತ್ತವೆ. "ಆಗ ಯಾರೂ ಬರೆದಿಟ್ಕೊಳ್ಲಿಲ್ಲಮ್ಮಾ, ಯಾವ ಸೊಳ್ಳೆ, ಎಲ್ಲಿ ಹುಟ್ಟಿತ್ತು ಅಂತ," ಅಂದಿದ್ದರು ಒಂದು ಸಲ. ಆಮೇಲೆ ಹಾಜರಿ ಕೂಗೋದು ಮುಂದುವರಿಸಿದರು.

ಹನ್ನೊಂದು ಗಂಟೆಗೆ ಲಾರ್ವಾ ಸರ್ವೆಗೆ, ಅಂದ್ರೆ ನೀರಲ್ಲಿ ಸೊಳ್ಳೆ ಮರಿ ಹುಡುಕೋಕೆ, ಆಶಾ ಕಾರ್ಯಕರ್ತೆ ಬಂದಳು. ಮಾವನ ಹಳೇ ಶಿಷ್ಯೆ. ಬಾಗಿಲಲ್ಲೇ ಮೌಖಿಕ ಪರೀಕ್ಷೆ.

"ಬ್ರೆಟೋ ಇಂಡೆಕ್ಸ್ ಅಂದ್ರೆ?"

"ನೂರು ಮನೆಗೆ ಎಷ್ಟು ಪಾತ್ರೇಲಿ ಲಾರ್ವಾ ಸಿಕ್ತು ಅಂತ, ಸಾರ್."

"ಗುಡ್. ಕೂತ್ಕೋ."

"ಕೂತ್ಕೊಳ್ಳೋಕೆ ಟೈಮಿಲ್ಲ ಸಾರ್, ಇನ್ನೂ ಮೂವತ್ತು ಮನೆ ಇದೆ."

ಟಾರ್ಚ್ ಬಿಟ್ಟು ಸಂಪು ನೋಡಿದಳು, ಏನೂ ಇಲ್ಲ. ಡ್ರಮ್ಮು, ಏನೂ ಇಲ್ಲ. ಇರೋದಾದರೂ ಹೇಗೆ? ಈಡಿಸ್ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತೆ ಅಂತ, ನೀರು ಖಾಲಿಯಾದಾಗೆಲ್ಲ ಡ್ರಮ್ಮಿನ ಒಳಮೈಯನ್ನ ಮಾವ ತೆಂಗಿನ ನಾರಿನಲ್ಲಿ ತಿಕ್ಕಿಸುತ್ತಾರೆ, ನನ್ನ ಕೈಲಿ. ನಾನು ಸ್ವಲ್ಪ ಬೀಗುತ್ತಾ ನಿಂತಿದ್ದೆ. ಅವಳು ಅಡುಗೆಮನೆಗೆ ಹೋಗಿ ಫ್ರಿಡ್ಜ್ ಹಿಂದೆ ಕೈ ಹಾಕಿ ನೀರು ಇಳಿಯುವ ಟ್ರೇ ಎಳೆದಳು. ಅಲ್ಲೊಂದು ಟ್ರೇ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಒಳಗೆ ಇಪ್ಪತ್ತು ಮೂವತ್ತು ಮರಿ, ತಲೆಕೆಳಗಾಗಿ ನೇತಾಡಿಕೊಂಡು, ಆರಾಮಾಗಿ.

"ಪಾಸಿಟಿವ್ ಅಂತ ಬರ್ಕೋತೀನಿ ಅಕ್ಕ," ಅಂದಳು ಮೆಲ್ಲಗೆ. "ನೋಟಿಸ್ ಕೊಟ್ಟೂ ಹೀಗೇ ಇದ್ರೆ ಪೇಟೆ ಮನೆಗೆ ನಾನೂರು ರೂಪಾಯಿ ದಂಡ ಅಂತ 2024ರಲ್ಲಿ ರೂಲ್ಸ್ ಆಗಿದೆ."

ಮಾವ ಒಂದು ಮಾತು ಬೈಯಲಿಲ್ಲ. ಮುಖದಲ್ಲಿ ರ‍್ಯಾಂಕ್ ಬಂದ ಮಗುವನ್ನ ಕಂಡ ಮೇಷ್ಟ್ರ ಕಳೆ. ಕೆಂಪು ಪೆನ್ನು ಹುಡುಕಿ, ಬೆರಳು ಬಿಡಿಸಿಕೊಂಡು, ದೊಡ್ಡ ಅಕ್ಷರದಲ್ಲಿ ಬರೆದರು: "ಲಾರ್ವಾ, ಈಡಿಸ್. ಸ್ಥಳ: ಸೊಸೆಯ ಫ್ರಿಡ್ಜ್."

ಫ್ರಿಡ್ಜ್ ತಂದಿದ್ದು ಅವರ ಮಗ. ಷರಾ ಕಾಲಮ್ಮಿನಲ್ಲಿ ಅದನ್ನ ಸೇರಿಸಿ ಅಂತ ಮಧ್ಯಾಹ್ನದಿಂದ ಕೇಳ್ತಾ ಇದ್ದೀನಿ.