ಆಟ ಬಿಟ್ಟರೂ ಬಿಡದ ನಕಾತಾ

ಜಪಾನಿನ ಹಿದೆತೊಶಿ ನಕಾತಾ ಫುಟ್‌ಬಾಲ್ ಬಿಟ್ಟಿದ್ದು 2006ರಲ್ಲಿ. ಇವತ್ತು ಅವರ ಗೋಲಿನ ವಿಡಿಯೊ ನೋಡಿ ಚಪ್ಪಾಳೆ ಒತ್ತುವ ಹುಡುಗರಲ್ಲಿ ಎಷ್ಟೋ ಜನ ಆಗಿನ್ನೂ ಹುಟ್ಟಿರಲೇ ಇಲ್ಲ. ಕೆಲವರಿಗೆ ಅವರ ಪರಿಚಯ ಆಗಿದ್ದೇ ವಿಡಿಯೊ ಗೇಮ್‌ನಲ್ಲಿ. ಹಳೆಯ ದಿಗ್ಗಜರ ಸಾಲಿನಲ್ಲಿ ನಕಾತಾ ಸಿಕ್ಕರೆ ಮೊದಲು ತಂಡಕ್ಕೆ ಹಾಕಿಕೊಳ್ಳುತ್ತಾರೆ. ‘ಯಾರಪ್ಪಾ ಇವರು’ ಅಂತ ಹುಡುಕುವುದು ಆಮೇಲೆ. ನಾವು ಆಟ ನೋಡಿ ಅಭಿಮಾನಿಗಳಾದವರು. ಈಗ ಉಲ್ಟಾ. ತಪ್ಪೇನಿಲ್ಲ ಬಿಡಿ.

ಹುಡುಕಿದವರಿಗೆ ಸಿಗುವುದು 2001ರ ಮೇ ತಿಂಗಳ ಆ ಗೋಲು. ಇಟಲಿಯ ಲೀಗ್ ಪಂದ್ಯ. ಟುರಿನ್‌ನಲ್ಲಿ ಯುವೆಂಟಸ್ ಎದುರು ನಕಾತಾ ಅವರ ಕ್ಲಬ್ ರೋಮಾ 2-0ಯಿಂದ ಹಿಂದೆ ಬಿದ್ದಿತ್ತು. ಕೋಚ್ ಕಪೆಲ್ಲೊ ತಂಡದ ನಾಯಕ ಟೊಟ್ಟಿಯನ್ನು ಹೊರಗೆ ಕರೆದು ನಕಾತಾರನ್ನು ಇಳಿಸಿದರು. ರೋಮ್‌ನವರ ಪಾಲಿಗೆ ಇದು ಗರ್ಭಗುಡಿಯ ದೇವರನ್ನು ಎತ್ತಿ ಜಗಲಿ ಮೇಲೆ ಕೂರಿಸಿದ ಹಾಗೆ. ಆಟ ಮುಗಿಯಲು ಹತ್ತು ನಿಮಿಷ ಚಿಲ್ಲರೆ ಇದ್ದಾಗ ನಕಾತಾ ದೂರದಿಂದಲೇ ಬಾರಿಸಿದರು. ಚೆಂಡು ಬಲೆಯೊಳಗೆ! 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದಲ್ಲಿ ಅವರದೇ ಇನ್ನೊಂದು ಹೊಡೆತವನ್ನು ಯುವೆಂಟಸ್ ಗೋಲ್‌ಕೀಪರ್ ವ್ಯಾನ್ ಡರ್ ಸಾರ್ ಹಿಡಿಯಲಾಗದೆ ಬಿಟ್ಟರು. ರೋಮಾದ ಮೊಂಟೆಲ್ಲಾ ಅದನ್ನು ಒಳಗೆ ತಳ್ಳಿದರು. 2-2. ಮುಂದಿನ ತಿಂಗಳು ರೋಮಾ ಇಟಲಿಯ ಚಾಂಪಿಯನ್.

ಅಸಲಿಗೆ ಅವತ್ತು ನಕಾತಾ ಆಡುವುದೇ ಅನುಮಾನವಿತ್ತು. ಯುರೋಪ್ ಒಕ್ಕೂಟದ ಹೊರಗಿನ ಆಟಗಾರರು ಇಷ್ಟೇ ಜನ ಇರಬೇಕು ಅನ್ನೋ ನಿಯಮ ಸಡಿಲವಾಗಿದ್ದು ಪಂದ್ಯಕ್ಕೆ ಕೆಲವೇ ದಿನ ಮುಂಚೆ. ಗೋಲಿನ ತುಣುಕಿನಲ್ಲಿ ಇದೆಲ್ಲ ಇರುವುದಿಲ್ಲ. ನನಗೆ ಗೋಲಿಗಿಂತ ಈ ಕಥೆಯೇ ಜಾಸ್ತಿ ಇಷ್ಟ.

ಆನ್‌ಲೈನ್ ಅನ್ನೋದು ನಕಾತಾಗೆ ಹೊಸತಲ್ಲ. ಪತ್ರಕರ್ತರ ಜೊತೆ ಅವರಿಗೆ ಅಷ್ಟಕ್ಕಷ್ಟೆ. ಹಾಗಾಗಿ ಆಟವಾಡುತ್ತಿದ್ದಾಗಲೇ ಸ್ವಂತ ವೆಬ್‌ಸೈಟ್ ಇಟ್ಟುಕೊಂಡು ಅಭಿಮಾನಿಗಳಿಗೆ ನೇರವಾಗಿ ಬರೆಯುತ್ತಿದ್ದರು. ಬ್ಲೂ ಟಿಕ್ಕು, ಫಾಲೋವರ್‌ಗಳ ಲೆಕ್ಕ ಯಾವುದೂ ಇಲ್ಲದ ಕಾಲ ಅದು. 2006ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಎದುರು ಜಪಾನ್ 4-1ರಿಂದ ಸೋತಿತು. ನಕಾತಾ ಡಾರ್ಟ್‌ಮುಂಡ್ ಮೈದಾನದ ಮಧ್ಯದಲ್ಲಿ ಅಂಗಾತ ಮಲಗಿಬಿಟ್ಟರು. ಕೆಲವು ದಿನಗಳ ನಂತರ ವಿದಾಯ ಹೇಳಿದ್ದೂ ಅದೇ ವೆಬ್‌ಸೈಟಿನಲ್ಲಿ. ವಯಸ್ಸು ಬರೀ 29.

ಜನಪ್ರಿಯತೆಯ ಗುಟ್ಟು ಅಲ್ಲೇ ಇದೆ ಅಂತ ನನ್ನ ಲೆಕ್ಕ. ಏದುಸಿರು ಬಿಡುತ್ತಾ ಕಾಲೆಳೆದು ಓಡುವ ನಕಾತಾ ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ಅದೇ ದೇಶದ ಕಝುಯೋಶಿ ಮಿಯುರಾ 55 ದಾಟಿದ ಮೇಲೂ ಕ್ಲಬ್ಬಿನ ಜೆರ್ಸಿ ಕಳಚಲಿಲ್ಲ. ಜನ ಅವರನ್ನೂ ತುಂಬಾ ಪ್ರೀತಿಸುತ್ತಾರೆ. ಆದರೆ ಆ ಪ್ರೀತಿಯಲ್ಲಿ ‘ಸುಸ್ತಾಗಲ್ವಾ ಸ್ವಾಮಿ?’ ಅನ್ನೋ ಕಾಳಜಿ ಸ್ವಲ್ಪ ಬೆರೆತಿರುತ್ತದೆ.

ಇಷ್ಟೆಲ್ಲ ಅಭಿಮಾನ ಹರಿದು ಬರುವಾಗ ನಕಾತಾ ಏನು ಮಾಡುತ್ತಿದ್ದಾರೆ? ಸಾಕೆ ಮಾಡುವವರ ಜೊತೆ ಓಡಾಡುತ್ತಿದ್ದಾರೆ. ಅಕ್ಕಿಯಿಂದ ತಯಾರಾಗುವ ಜಪಾನಿನ ಮದ್ಯ ಅದು. ದೇಶದ 47 ಪ್ರಾಂತ್ಯಗಳನ್ನು ಸುತ್ತಿ ಕುಶಲಕರ್ಮಿಗಳನ್ನು, ಸಾಕೆ ಭಟ್ಟಿಗಳನ್ನು ಕಂಡು ಬಂದರು. ಅದಕ್ಕಾಗಿ ಒಂದು ಕಂಪನಿಯನ್ನೇ ಕಟ್ಟಿದರು. ಜಪಾನಿ ಓದಲು ಬಾರದವರಿಗೆ ಬಾಟಲಿ ಮೇಲಿನ ಚೀಟಿ ಅರ್ಥವಾಗಲಿ ಅಂತ ಫೋನಿಗೊಂದು ಆ್ಯಪ್ ತಂದರು. ಗೋಲು ನೋಡಲು ಬಂದ ಅಭಿಮಾನಿಗೆ ಅಕ್ಕಿ, ನೀರು, ಹುದುಗಿನ ಪಾಠ. ಕೇಳುವಷ್ಟು ಹೊತ್ತು ಕೇಳಿ, ಮತ್ತೆ ಟುರಿನ್ ಗೋಲಿನ ಕಡೆಗೆ ಜಾರಿಕೊಳ್ಳುವವರೇ ಜಾಸ್ತಿ ಇರಬೇಕು.